ಒತ್ತಕ್ಷರ ಕಾಣುವ ಮಾನಿಟರ್ ಯಾವುದು?

ಪ್ರಶ್ನೆ: ಗದಗಿನಲ್ಲಿ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಆಗೊಮ್ಮೆ ಈಗೊಮ್ಮೆ ಪುಸ್ತಕ. ಈಗಲೂ ಪುಟ ಜೋಡಿಸಲು ಹಳೇ ಪೇಜ್‌ಮೇಕರ್ ಸಾಫ್ಟ್‌ವೇರ್, ನುಡಿ ಫಾಂಟ್. ಹಳೇ ಮಾನಿಟರ್ ಕೈಕೊಟ್ಟಿದೆ. 20 ಸಾವಿರ ತೆಗೆದಿಟ್ಟಿದ್ದೇನೆ. ರಾತ್ರಿ ಅದೇ ಕಂಪ್ಯೂಟರ್‌ನಲ್ಲಿ ಪಿಯುಸಿ ಓದುವ ಮಗ ಗೇಮ್ ಆಡುತ್ತಾನೆ. ಅವನಿಗಾಗಿ ಹೋದ ವರ್ಷ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೇವೆ. ಅಂಗಡಿಯವರು 32 ಇಂಚಿನ ಫುಲ್ ಎಚ್‌ಡಿ ತಗೊಳ್ಳಿ ಅಂದರು. ಮಗ 4ಕೆ ಬೇಕು ಅಂತಾನೆ. ಏನು ಮಾಡಲಿ?
— ಓದುಗರು, ಗದಗ

ಉತ್ತರ: ಎರಡೂ ಬೇಡ ಅಕ್ಕಾ. 27 ಇಂಚು, 2560×1440 ಚುಕ್ಕಿ (ಪಿಕ್ಸೆಲ್), ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕೆಡದ ಪರದೆ) ಇರುವುದನ್ನು ತಗೊಳ್ಳಿ. ಅಂಗಡಿಯಲ್ಲಿ ಇದಕ್ಕೆ ಕ್ಯೂಎಚ್‌ಡಿ ಅಂತಲೋ 2ಕೆ ಅಂತಲೋ ಹೇಳುತ್ತಾರೆ. ಫುಲ್ ಎಚ್‌ಡಿ ಅಂದರೆ 1920×1080 ಚುಕ್ಕಿ, 4ಕೆ ಅಂದರೆ 3840×2160.

ನಾನೂ ಡಿಟಿಪಿ ಮಾಡಿಯೇ ಹೊಟ್ಟೆ ಹೊರೆದವನು. ಒಂದು ಸಲ ದೊಡ್ಡದಾಗಿ ಕಾಣಲಿ ಅಂತ 27 ಇಂಚಿನ ಫುಲ್ ಎಚ್‌ಡಿ ತಂದಿದ್ದೆ. ಅದರಲ್ಲೇ ಪ್ರೂಫ್ ನೋಡಿ ಕಳಿಸಿದ ಲಗ್ನಪತ್ರಿಕೆಯಲ್ಲಿ ‘ವಧು’ ಹೋಗಿ ‘ವದು’ ಆಗಿತ್ತು. 500 ಪ್ರತಿ ಅಚ್ಚಾಗಿತ್ತು. ಹುಡುಗಿಯ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದರು. ಮತ್ತೆ ಅಚ್ಚು ಹಾಕಿಸಿಕೊಟ್ಟೆ, ಆದರೆ ಆ ಮುಖ ಮರೆತಿಲ್ಲ.

ನಮ್ಮ ಲಿಪಿಯಲ್ಲಿ ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಸಣ್ಣ ಗೀಟು, ಅಷ್ಟೇ. ಪ–ಫ, ಡ–ಢ ಕೂಡ ಹಾಗೇ. ‘ರಾಷ್ಟ್ರ’ದಲ್ಲಿ ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಷ್ಟನ್ನೂ ತೋರಿಸಲು ಚುಕ್ಕಿಗಳು ಒತ್ತೊತ್ತಾಗಿ ಇರಬೇಕು. 32 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಇಂಚಿಗೆ ಸುಮಾರು 69 ಚುಕ್ಕಿ. 24 ಇಂಚಿನದರಲ್ಲಿ 92. ನಾನು ಹೇಳಿದ್ದರಲ್ಲಿ 109. ಅಂದರೆ ಅಂಗಡಿಯವರು ಹೇಳಿದ್ದು 24 ಇಂಚಿನದಕ್ಕಿಂತಲೂ ಒರಟು.

ಹಾಗಾದರೆ 27 ಇಂಚಿನ 4ಕೆಯಲ್ಲಿ 163 ಚುಕ್ಕಿ, ಅದೇ ಒಳ್ಳೆಯದಲ್ವಾ? ಹೊಸ ಸಾಫ್ಟ್‌ವೇರ್ ಬಳಸುವವರಿಗೆ ಹೌದು, ನಾನೇ ತಗೊಳ್ಳಿ ಅನ್ನುತ್ತೇನೆ. ನಿಮ್ಮದು ಪೇಜ್‌ಮೇಕರ್. 4ಕೆಯಲ್ಲಿ ಎಲ್ಲವೂ ತೀರಾ ಚಿಕ್ಕದಾಗಿ ಕಾಣುವುದರಿಂದ ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 150% ಇಡಬೇಕಾಗುತ್ತದೆ. ಹಳೇ ಸಾಫ್ಟ್‌ವೇರ್‌ಗೆ ಆ ಲೆಕ್ಕ ಗೊತ್ತಿಲ್ಲ. ಆಗ ವಿಂಡೋಸ್ ಅದರ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ, ಅಕ್ಷರ ಮಸುಕಾಗುತ್ತದೆ. ದುಡ್ಡು ಕೊಟ್ಟ ಚುಕ್ಕಿಗಳೆಲ್ಲ ವ್ಯರ್ಥ. 27 ಇಂಚಿನ 1440ರಲ್ಲಿ ಸ್ಕೇಲಿಂಗ್ 100% ಇಟ್ಟೇ ಕೆಲಸ ಮಾಡಬಹುದು.

ಮಗನಿಗೂ ಇದರಿಂದ ನಷ್ಟವಿಲ್ಲ. 4ಕೆಯಲ್ಲಿ ಪ್ರತಿ ಫ್ರೇಮಿಗೆ ಸುಮಾರು 83 ಲಕ್ಷ ಚುಕ್ಕಿ, ಇದರಲ್ಲಿ 37 ಲಕ್ಷ. ಗ್ರಾಫಿಕ್ಸ್ ಕಾರ್ಡ್‌ಗೆ ಭಾರ ಅರ್ಧಕ್ಕಿಂತ ಕಡಿಮೆ. 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದನ್ನೇ ಆರಿಸಿ. ತಂದ ಮೇಲೆ ಕೇಬಲನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಬೇಕು, ಮದರ್‌ಬೋರ್ಡ್‌ಗೆ ಅಲ್ಲ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದೇ ಒಳ್ಳೆಯದು. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 144 ಅಂತ ಆಗಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಅದು 60ರಲ್ಲೇ ಉಳಿದಿರುತ್ತದೆ.

ಡಬ್ಬಿಯ ಮೇಲಿನ ‘1 ಎಂಎಸ್’ (ಚುಕ್ಕಿ ಬಣ್ಣ ಬದಲಿಸುವ ವೇಗ), ‘ಎಚ್‌ಡಿಆರ್’ (ಬೆಳಕು–ನೆರಳು ಇನ್ನಷ್ಟು ಎದ್ದು ಕಾಣಿಸುವ ಸೌಲಭ್ಯ) ಇವಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಆ ದುಡ್ಡಿಗೆ ಎತ್ತರ ಹೊಂದಿಸುವ ಸ್ಟ್ಯಾಂಡ್ ಸಿಕ್ಕರೆ ನಿಮ್ಮ ಕುತ್ತಿಗೆಗೆ ಒಳ್ಳೆಯದು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಪುಟದ ಪಿಡಿಎಫ್ ಒಯ್ಯಿರಿ. ವಧು, ಸ್ತ್ರೀ, ರಾಷ್ಟ್ರ, ಲಕ್ಷ್ಮಿ ಇರಲಿ, 10 ಪಾಯಿಂಟ್‌ನಲ್ಲಿ. ನೀವು ಕೂರುವಷ್ಟೇ ದೂರದಿಂದ ಓದಿ. ಆಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ಹಾಕಿಸಿ, ಸತ್ತ ಚುಕ್ಕಿ ಇದೆಯಾ ನೋಡಿ.

ಪ್ರಶ್ನೆ: ಹೊಸ 4ಕೆ ಮಾನಿಟರ್ ತಂದೆ. ಮೌಸ್ ಎಳೆದರೆ ಬಾಣ ತಡೆದು ತಡೆದು ಓಡುತ್ತದೆ. ಕೆಟ್ಟದ್ದು ಕೊಟ್ಟರಾ?
— ಓದುಗರು, ಮೈಸೂರು

ಉತ್ತರ: ಬಹುಶಃ ಮಾನಿಟರ್ ಸರಿಯಾಗೇ ಇದೆ. ಕಂಪ್ಯೂಟರಿನ ಪೋರ್ಟ್ ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಚಿತ್ರ 30 ಹರ್ಟ್ಸ್‌ಗಿಂತ ಜೋರಾಗಿ ಬರುವುದಿಲ್ಲ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 60 ಬರುತ್ತದೆ. ಹಳೇ ಕೇಬಲ್ ಇದ್ದರೆ ಬದಲಿಸಿ ನೋಡಿ. ಆದರೂ ಸರಿಹೋಗದಿದ್ದರೆ ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆಯೇ ಅಂಗಡಿಗೆ ಹೋಗಿ. ಡಬ್ಬಿ, ಥರ್ಮೋಕೋಲ್ ಬಿಸಾಕಬೇಡಿ.