ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಯನ್ನು ಯಾರಿಗೂ ತಿಳಿಯದಂತೆ ವಾರಾಂತ್ಯದಲ್ಲಿ ಮುಗಿಸಿಕೊಳ್ಳಬಹುದೇ?

ಮೂರನೇ ಹಂತದ ಮೂಲವ್ಯಾಧಿಗೆ ಲೇಸರ್ ಮಾಡಿಸಿಕೊಂಡರೆ ಶುಕ್ರವಾರ ದಾಖಲಾಗಿ ಸೋಮವಾರ ಕಚೇರಿಗೆ ಹೋಗಬಹುದೇ, ಗಂಡನ ಮನೆಯವರಿಗೆ ಹೇಳದೆಯೇ ಮುಗಿಸಬಹುದೇ ಎಂದು ಕೇಳಿದ್ದೀರಿ. ಸೋಮವಾರ ಹೋಗುವ ಯೋಚನೆ ಬೇಡ, ಮುಚ್ಚಿಡುವ ಯೋಚನೆಯಂತೂ ಬೇಡವೇ ಬೇಡ. ನಾನು ಮುಚ್ಚಿಟ್ಟು ಅನುಭವಿಸಿದವಳು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನಮ್ಮ ಕಚೇರಿಯ ಹೆಂಗಸರ ಶೌಚಾಲಯದ ಚಿಲಕ ಸರಿಯಿರಲಿಲ್ಲ, ನಲ್ಲಿಯಲ್ಲಿ ನೀರು ಬರುವ ಭರವಸೆಯೂ ಇರಲಿಲ್ಲ. ಹೀಗಾಗಿ ನಾವೆಲ್ಲ ಮನೆ ಬಿಟ್ಟ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದೆವು. ಬೆಳಗ್ಗೆ ತಿಂಡಿ, ಮಕ್ಕಳ ಡಬ್ಬಿ, ಬಸ್ಸಿನ ಹೊತ್ತು ಇವುಗಳ ನಡುವೆ ಮಲವಿಸರ್ಜನೆಗೆ ಅವಸರವಾದರೂ ಹೋಗುವ ವ್ಯವಧಾನ ಇರುತ್ತಿರಲಿಲ್ಲ. ತಡೆಹಿಡಿದ ಮಲದಿಂದ ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುತ್ತದೆ. ತಡೆದಷ್ಟೂ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ತಿಣುಕಬೇಕಾಗುತ್ತದೆ, ತಿಣುಕಿದಷ್ಟೂ ಗುದದ್ವಾರದ ಒಳಗಿರುವ ರಕ್ತನಾಳಗಳ ಮೆತ್ತೆಗಳು ಊದಿಕೊಂಡು ಕೆಳಗೆ ಜಾರುತ್ತವೆ. ಆ ಮೆತ್ತೆಗಳು ಎಲ್ಲರಲ್ಲಿಯೂ ಇರುವಂಥವೇ. ಅವು ಊದಿ ರಕ್ತ ಸುರಿಸಿದಾಗ ಅಥವಾ ಜಾರಿದಾಗ ಮಾತ್ರ ಅದು ಮೂಲವ್ಯಾಧಿ.

ಎರಡನೇ ಹೆರಿಗೆಯ ನಂತರ ರಕ್ತ ಕಾಣಿಸಿಕೊಂಡಿತು. ಕೇಳಿದವರೆಲ್ಲ ಉಷ್ಣ ಎಂದರು. ಎಳನೀರು ಕುಡಿದೆ, ಮುಟ್ಟಿದರೆ ಮುನಿ ಸೊಪ್ಪಿನ ರಸ ಕುಡಿದೆ, ಸುವರ್ಣಗೆಡ್ಡೆಯ ಪಲ್ಯ ತಿಂದೆ. ನೋವಿಲ್ಲದ್ದರಿಂದ ಅಪಾಯವೂ ಇಲ್ಲವೆಂದು ನಂಬಿದ್ದೆ. ಆದರೆ ಒಳಮೂಲವ್ಯಾಧಿ ಹುಟ್ಟುವ ಜಾಗದಲ್ಲಿ ಚರ್ಮದಲ್ಲಿರುವಂಥ ನೋವು ತಿಳಿಸುವ ನರಗಳು ಇಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಮೊದಲು ಮೊಳೆ, ಅಂದರೆ ಊದಿದ ಆ ಮೆತ್ತೆ, ಹೊರಬಂದರೂ ತಾನಾಗಿ ಒಳಗೆ ಹೋಗುತ್ತಿತ್ತು, ಅದು ಎರಡನೇ ಹಂತ. ಆಮೇಲೆ ಬೆರಳಿನಿಂದ ಒಳಗೆ ತಳ್ಳಬೇಕಾಯಿತು, ಅದು ಮೂರನೆಯದು. ತಳ್ಳಿದರೂ ಹೋಗದಿದ್ದರೆ ನಾಲ್ಕನೆಯದು. ಕೊನೆಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ರಕ್ತ ಪರೀಕ್ಷೆ ಮಾಡಿಸಿದಾಗ, 12 ಇರಬೇಕಾದ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಆ ಮಾತ್ರೆ ಮಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಲೇಸರ್ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಯಾವ ಯಂತ್ರ ಎಂದು ನೀವು ಕೇಳುತ್ತಿದ್ದೀರಿ, ಆದರೆ ಮೊದಲು ತಿಳಿಯಬೇಕಾದದ್ದು ಒಳಗೆ ಏನಿದೆ ಎಂಬುದು. ಪ್ರಾಕ್ಟೋಸ್ಕೋಪ್ ಎಂಬ ಚಿಕ್ಕ ಕೊಳವೆ ಹಾಕಿ ನೋಡದೆ, ಕೇವಲ ನಿಮ್ಮ ಮಾತು ಕೇಳಿ ಪ್ಯಾಕೇಜಿನ ದರ ಹೇಳುವವರ ಬಳಿಗೆ ಎರಡನೇ ಸಲ ಹೋಗಬೇಡಿ. ಆ ಪರೀಕ್ಷೆ ಕೆಲವೇ ನಿಮಿಷಗಳದ್ದು. ಜೊತೆಗೆ ದಾದಿಯೊಬ್ಬರು ಇರಬೇಕೆಂದು ಕೇಳುವುದು ನಿಮ್ಮ ಹಕ್ಕು. ವಯಸ್ಸು 45 ದಾಟಿದ್ದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ತೂಕ ಇಳಿದಿದ್ದರೆ ಅಥವಾ ನನ್ನಂತೆ ರಕ್ತಹೀನತೆ ಇದ್ದರೆ, ಬರುವ ರಕ್ತವೆಲ್ಲ ಮೂಲವ್ಯಾಧಿಯದೇ ಎಂದು ಒಪ್ಪಿಕೊಳ್ಳುವ ಮೊದಲು ಕೊಲೊನೋಸ್ಕೋಪಿಯ, ಅಂದರೆ ಕ್ಯಾಮೆರಾ ಇರುವ ಉದ್ದ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆಯ, ಅಗತ್ಯವಿದೆಯೇ ಎಂದು ಕೇಳಿ. ನನಗೆ ಮಾಡಿದರು, ಅದರಲ್ಲಿ ಬೇರೇನೂ ಕಾಣಲಿಲ್ಲ.

ಮೊದಲ ಮತ್ತು ಎರಡನೇ ಹಂತದವರಿಗೆ ನಾರಿನಂಶದ ಊಟ, ನೀರು, ಇವಕ್ಕೂ ಬಗ್ಗದಿದ್ದರೆ ಮೊಳೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಮೂರನೇ ಹಂತದಲ್ಲಿಯೂ ಕೆಲವರಿಗೆ ಬ್ಯಾಂಡ್ ಸಾಲುತ್ತದೆ, ಆದ್ದರಿಂದ ನಿಮಗೆ ಅದೇಕೆ ಬೇಡವೆಂದರು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಲೇಸರ್ ಚಿಕಿತ್ಸೆಯಲ್ಲಿ ತೆಳುವಾದ ತಂತುವನ್ನು ಮೊಳೆಯೊಳಗೆ ತೂರಿಸಿ ಶಾಖದಿಂದ ಅದನ್ನು ಕುಗ್ಗಿಸುತ್ತಾರೆ. ಮೊದಲ ದಿನಗಳ ನೋವು ಕಡಿಮೆ ಎನ್ನುವುದು ನಿಜ, ಆದರೆ ಕತ್ತರಿಸಿ ತೆಗೆಯುವ ವಿಧಾನಕ್ಕೆ ಹೋಲಿಸಿದರೆ ಮೊಳೆ ಮರಳಿ ಬರುವ ಸಾಧ್ಯತೆ ಹೆಚ್ಚು. ನನಗೆ ಮೂರು ಕಡೆ ದೊಡ್ಡ ಮೊಳೆಗಳಿದ್ದವು, ಹೊರಭಾಗದ ಚರ್ಮವೂ ಊದಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಆದ್ದರಿಂದ ನನ್ನ ವೈದ್ಯರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ಹಳೆಯ ವಿಧಾನವನ್ನೇ ಆರಿಸಿದರು. ಅದರಲ್ಲಿ ಮೊಳೆಗಳ ಬುಡವನ್ನು ದಾರದಿಂದ ಕಟ್ಟಿ, ಮೊಳೆಗಳನ್ನು ಕತ್ತರಿಸಿ ತೆಗೆದು ಗಾಯವನ್ನು ಹೊಲಿಯದೆ ತೆರೆದೇ ಬಿಡುತ್ತಾರೆ. ಹೊಲಿಗೆಯಿಲ್ಲವೆಂದು ತಿಳಿದಾಗ ನನಗೆ ಗಾಬರಿಯಾಗಿತ್ತು. ಮಲ ಹಾದುಹೋಗುವ ಜಾಗವಾದ್ದರಿಂದ ಗಾಯ ಒಳಗಿನಿಂದ ತಾನಾಗಿ ತುಂಬಿಕೊಂಡು ಬರಲೆಂದು ತೆರೆದು ಬಿಟ್ಟಿರುತ್ತಾರೆಂದೂ, ಮುಂದೆ ದ್ವಾರ ಕಿರಿದಾಗದಿರಲೆಂದು ಗಾಯಗಳ ನಡುವೆ ಒಳ್ಳೆಯ ಚರ್ಮದ ಪಟ್ಟಿಗಳನ್ನು ಉಳಿಸಿರುತ್ತಾರೆಂದೂ ವೈದ್ಯರು ಚಿತ್ರ ಬರೆದು ವಿವರಿಸಿದರು. ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕೆಂದೂ ಹೇಳಿದರು.

ಬೆನ್ನಿಗೆ ಚುಚ್ಚುಮದ್ದು ಕೊಟ್ಟಿದ್ದರಿಂದ ಶಸ್ತ್ರಚಿಕಿತ್ಸೆಯ ವೇಳೆ ಏನೂ ತಿಳಿಯಲಿಲ್ಲ. ಅಂದು ರಾತ್ರಿ ಮೂತ್ರ ಕಟ್ಟಿತು, ಕೊಳವೆ ಹಾಕಿ ತೆಗೆದರು. ಈ ಚಿಕಿತ್ಸೆಯ ನಂತರ ಅದು ಅನೇಕರಿಗೆ ಆಗುವಂಥದ್ದೇ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ಮನೆಯಲ್ಲಿ.

ವಿಷಯ ಗೊತ್ತಿದ್ದದ್ದು ನನ್ನ ಯಜಮಾನರಿಗೆ ಮಾತ್ರ. ಅತ್ತೆಯವರಿಗೆ "ಹೊಟ್ಟೆಯಲ್ಲಿ ಸಣ್ಣ ಗಡ್ಡೆ, ಆಪರೇಷನ್ ಆಗಿದೆ" ಎಂದು ಹೇಳಿದ್ದೆವು. ಅವರು ಬಹಳ ಪ್ರೀತಿಯಿಂದ ಹೊಟ್ಟೆಯ ಆಪರೇಷನ್ನಿಗೆ ತಕ್ಕ ಪಥ್ಯವನ್ನೇ ಮಾಡಿದರು. ಮೆತ್ತಗಿನ ಬಿಳಿಯನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ಸೊಪ್ಪು ತಂಪು, ಬದನೆ ಮತ್ತು ಕುಂಬಳ ನಂಜು, ಬಾಳೆಹಣ್ಣು ಶೀತ, ನೀರು ಜಾಸ್ತಿ ಕುಡಿದರೆ ಗಾಯ ಹಸಿಯಾಗುತ್ತದೆ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆದರು. ಬಾಣಂತನದಲ್ಲಿ ನನ್ನನ್ನು ಹಾಗೆಯೇ ನೋಡಿಕೊಂಡವರು ಅವರು, ಎದುರು ಹೇಳಲು ನನ್ನ ಬಳಿ ಮಾತಿರಲಿಲ್ಲ. ಹೇಳಿದರೆ ನಿಜ ಹೇಳಬೇಕಿತ್ತು. ಮಲ ಮೆತ್ತಗಾಗಲೆಂದು ಬರೆದುಕೊಟ್ಟ ಇಸಬ್ಗೋಲ್ ಹೊಟ್ಟಿನ ಪೊಟ್ಟಣವನ್ನು ನೋಡಿದರೆ ಎಲ್ಲಿ ಗೊತ್ತಾಗುವುದೋ ಎಂದು ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟಿದ್ದೆ, ಮನೆಯಲ್ಲಿ ಸದಾ ಜನರಿದ್ದುದರಿಂದ ತೆಗೆಯಲೇ ಇಲ್ಲ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ಪಿಗೂ ಅದೇ ಗತಿಯಾಯಿತು. ನೋವಿಗೆ ಕೊಟ್ಟ ಟ್ರಮಡಾಲ್ ಮಾತ್ರೆಯನ್ನು ಮಾತ್ರ ಹೊತ್ತುಹೊತ್ತಿಗೆ ನುಂಗಿದೆ, ಏಕೆಂದರೆ ನೋವಿನ ಮಾತ್ರೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಜಾತಿಯ ಮಾತ್ರೆ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಕಬ್ಬಿಣಾಂಶದ ಮಾತ್ರೆಯೂ ನಡೆದಿತ್ತು.

ಇವೆಲ್ಲಕ್ಕಿಂತ ದೊಡ್ಡದು ನನ್ನ ಮನಸ್ಸಿನ ಲೆಕ್ಕಾಚಾರ. ತಿನ್ನದಿದ್ದರೆ ಮಲವಿಲ್ಲ, ಮಲವಿಲ್ಲದಿದ್ದರೆ ನೋವಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆದ್ದರಿಂದ ಅತ್ತೆಯವರ ಪಥ್ಯ ನನಗೂ ಒಪ್ಪಿಗೆಯೇ ಆಗಿತ್ತು. ಒತ್ತಡ ಬಂದಾಗಲೆಲ್ಲ ಹಲ್ಲು ಕಚ್ಚಿ ತಡೆದೆ. ಆದರೆ ನಾವು ಏನೂ ತಿನ್ನದಿದ್ದರೂ ಕರುಳಿನ ಒಳಪದರದ ಸತ್ತ ಕೋಶಗಳು ಮತ್ತು ಸೂಕ್ಷ್ಮಜೀವಿಗಳಿಂದ ಮಲ ಆಗುತ್ತಲೇ ಇರುತ್ತದೆ. ನಾರಿಲ್ಲದ ಬಿಳಿಯನ್ನದ ಮಲಕ್ಕೆ ಗಾತ್ರವಿಲ್ಲ, ಗಾತ್ರವಿಲ್ಲದಿದ್ದರೆ ಕರುಳಿಗೆ ಅದನ್ನು ತಳ್ಳುವ ಪ್ರಚೋದನೆಯಿಲ್ಲ. ನಿಂತಲ್ಲಿಯೇ ನಿಂತು ಅದು ಒಣಗುತ್ತದೆ. ಹೀಗೆ ದಿನಗಳು ಕಳೆದವು. ಆಮೇಲೆ ಕೂತರೂ ನಿಂತರೂ ಹೋಗಬೇಕೆಂಬ ಒತ್ತಡ, ಹೋದರೆ ನೀರಿನಂಥದ್ದು ಸ್ವಲ್ಪ ಮಾತ್ರ. ಭೇದಿಯಾಗಿದೆಯೆಂದು ಭ್ರಮಿಸಿ ಭೇದಿ ನಿಲ್ಲಿಸುವ ಮಾತ್ರೆ ತರಿಸಿ ನುಂಗಿದೆ. ಅದು ಭೇದಿಯಾಗಿರಲಿಲ್ಲ. ಗುದನಾಳದಲ್ಲಿ ಗಟ್ಟಿಯಾಗಿ ಕೂತಿದ್ದ ಮಲದ ಪಕ್ಕದಿಂದ ನೀರು ಮಾತ್ರ ಸೋರಿ ಬರುತ್ತಿತ್ತು. ಕೆಳಹೊಟ್ಟೆ ಬಿಗಿದು ಮೂತ್ರವೂ ನಿಂತಾಗ ಯಜಮಾನರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಹಸಿ ಗಾಯದ ಮೂಲಕವೇ ಎನಿಮಾ ಕೊಟ್ಟು, ಕೈಯಿಂದ ಬಿಡಿಸಿ ತೆಗೆದರು. ಎರಡು ಹೆರಿಗೆಯ ನೋವು ಕಂಡವಳು ನಾನು, ಅಂಥ ನೋವನ್ನು ಕಂಡಿರಲಿಲ್ಲ. ಗಾಯ ಮತ್ತೆ ಬಿರಿದು ರಕ್ತ ಬಂತು, ಮಾಯುವುದು ವಾರಗಟ್ಟಲೆ ಹಿಂದಕ್ಕೆ ಹೋಯಿತು, ತೆಗೆದುಕೊಂಡಿದ್ದ ರಜೆ ಸಾಲದೆ ಮತ್ತೆ ಅರ್ಜಿ ಹಾಕಬೇಕಾಯಿತು.

ಆಸ್ಪತ್ರೆಯಿಂದ ಮರಳಿದ ದಿನ ಅತ್ತೆಯವರಿಗೆ ನಿಜ ಹೇಳಿದೆ. "ಮೊದಲೇ ಹೇಳಿದ್ದರೆ ನಿನಗೆ ಅನ್ನ ಹಾಕುತ್ತಿದ್ದೆನೇನಮ್ಮ, ಮುದ್ದೆ ಸೊಪ್ಪಿನ ಸಾರು ಮಾಡುತ್ತಿದ್ದೆ, ನನಗೂ ಇದ್ದದ್ದೇ ಅಲ್ಲವೇ ಅದು" ಎಂದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ನಾವಿಬ್ಬರೂ ಅದನ್ನೇ ಅನುಭವಿಸುತ್ತ, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಆದ್ದರಿಂದ ನೀವು ಅಡುಗೆ ಮಾಡಿ ಬಡಿಸುವವರಿಗಂತೂ ಹೇಳಲೇಬೇಕು. ಕಚೇರಿಯ ರಜೆ ಅರ್ಜಿಯಲ್ಲಿ "ಶಸ್ತ್ರಚಿಕಿತ್ಸೆಯ ನಿಮಿತ್ತ" ಎಂದು ಬರೆದರೆ ಸಾಕು, ಅಲ್ಲಿ ವಿವರ ಬೇಡ. ಮನೆಯಲ್ಲಿ ವಿವರವೇ ಔಷಧಿ. ಶಸ್ತ್ರಚಿಕಿತ್ಸೆಗೆ ಮೊದಲೇ ಒಂದು ವಾರ ರಾಗಿ, ಸೊಪ್ಪು, ಹೆಸರುಕಾಳು, ಬಾಳೆದಿಂಡು, ಸೀಬೆ, ಪಪ್ಪಾಯಿ ಇವನ್ನು ರೂಢಿ ಮಾಡಿಕೊಂಡು, ಮಲ ಮೆತ್ತಗಾದ ಮೇಲೆಯೇ ದಾಖಲಾಗಿ. ವೈದ್ಯರು ಇಸಬ್ಗೋಲ್ ಬರೆದುಕೊಟ್ಟರೆ ನೀರಿಗೆ ಹಾಕಿ ಕಲಕಿದ ಕೂಡಲೇ ಕುಡಿಯಬೇಕು. ಲೋಟವನ್ನು ಪಕ್ಕಕ್ಕಿಟ್ಟು ಒಂದು ಫೋನು ಮಾತಾಡಿ ಬರುವಷ್ಟರಲ್ಲಿ ಅದು ಲೋಟದಲ್ಲಿಯೇ ಹೆಪ್ಪುಗಟ್ಟಿ ನಿಂತಿರುತ್ತದೆ. ಹಿಂದೆಯೇ ಇನ್ನೊಂದು ಲೋಟ ನೀರು ಕುಡಿಯದಿದ್ದರೆ ಅದು ಕರುಳಿನಲ್ಲಿಯೂ ಹಾಗೆಯೇ ಗಟ್ಟಿಯಾಗುತ್ತದೆ. ಮಲ ಕಟ್ಟಿಕೊಂಡ ಮೇಲೆ ಅದನ್ನು ನುಂಗಿ ಪ್ರಯೋಜನವಿಲ್ಲ, ಆಗ ವೈದ್ಯರೇ ಬೇಕು. ನೋವಿನ ಮಾತ್ರೆಯನ್ನು ಬಿಡಬೇಡಿ, ಆದರೆ ಯಾವುದರಿಂದ ಮಲಬದ್ಧತೆ ಆಗುತ್ತದೆಂದು ಕೇಳಿ ತಿಳಿದುಕೊಂಡು ಮಲ ಸಡಿಲಿಸುವ ಔಷಧಿಯನ್ನು ಅದರ ಜೊತೆಯಲ್ಲಿಯೇ ಶುರುಮಾಡಿ.

ಮೊದಲ ಮಲವಿಸರ್ಜನೆ ನೋಯುತ್ತದೆ, ಅದನ್ನು ಮುಂದೂಡಿದರೆ ನೋವು ಹೆಚ್ಚುತ್ತದೆಯೇ ಹೊರತು ತಪ್ಪುವುದಿಲ್ಲ. ಕಮೋಡಿನ ಮೇಲೆ ಕೂತು ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡರೆ ಮಂಡಿ ಮೇಲೇರಿ ತಿಣುಕದೆ ಆಗುತ್ತದೆ. ಜೆಟ್ಟಿನ ನೀರನ್ನು ಗಾಯಕ್ಕೆ ಬಿಡಬೇಡಿ, ಚೊಂಬಿನಿಂದ ಮೆಲ್ಲಗೆ ಹಾಕಿಕೊಂಡು ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಆಮೇಲೆ ಅಗಲ ಬಾಯಿಯ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂತರೆ, ಬಿಗಿದ ಸ್ನಾಯು ಸಡಿಲವಾಗುವುದು ನಿಮಗೇ ತಿಳಿಯುತ್ತದೆ. ನನಗೆ ಯಾವ ಮಾತ್ರೆಯೂ ಅಷ್ಟು ಹಿತ ಕೊಟ್ಟಿಲ್ಲ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಮಗುವಿಗೆ ಎರೆಯುವ ನೀರಿಗಿಂತ ಬಿಸಿ ಬೇಡ. ಹಳದಿ ಮಿಶ್ರಿತ ನೀರು ಕೆಲವು ವಾರ ಸೋರುತ್ತದೆ, ಮುಟ್ಟಿನ ಪ್ಯಾಡ್ ಇಟ್ಟುಕೊಂಡರೆ ಆಯಿತು; ಅದು ಕೀವೆಂದು ಹೆದರಬೇಡಿ. ಆದರೆ ಜ್ವರ ಬಂದರೆ, ಮೂತ್ರ ನಿಂತರೆ, ಕೀವಿನ ವಾಸನೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಲೇಸರ್ ಆದರೂ ಕತ್ತರಿಯಾದರೂ ಕನಿಷ್ಠ ಎರಡು ವಾರದ ರಜೆ ಹಾಕಿ, ಬೇಗ ಗುಣವಾದರೆ ಬೇಗ ಹೋಗುವಿರಂತೆ. ಬುಡಕ್ಕೆ ಕಟ್ಟಿದ ಭಾಗ ಕಳಚಿ ಬೀಳುವ ಒಂದು ವಾರದಿಂದ ಎರಡು ವಾರದ ನಡುವೆ, ಎಲ್ಲ ಸರಿಹೋಯಿತೆಂದು ಅನ್ನಿಸಿರುವಾಗಲೇ ಒಮ್ಮೊಮ್ಮೆ ಹಠಾತ್ತಾಗಿ ರಕ್ತಸ್ರಾವವಾಗುತ್ತದೆ. ಬಟ್ಟೆಗೆ ನಾಲ್ಕು ಹನಿ ತಾಗುವುದು ಬೇರೆ. ಹೆಪ್ಪುಗಟ್ಟಿದ ರಕ್ತ ಹೊರಬಂದರೆ, ಪ್ಯಾಡ್ ತೊಯ್ದರೆ, ತಲೆ ಸುತ್ತಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಯೋಜನೆಯ ಪ್ರಕಾರವಾದರೆ ಆ ಹೊತ್ತಿಗೆ ನೀವು ಬಸ್ಸಿನಲ್ಲಿಯೋ ಕಚೇರಿಯ ಕುರ್ಚಿಯ ಮೇಲೋ ಇರುತ್ತೀರಿ, ಏನಾಗಿದೆಯೆಂದು ಪಕ್ಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.