ಭಯಕ್ಕೆ ಯಾರು ಹೇಳಿದ ಕಾರಣ ಸರಿ?

ಪ್ರಶ್ನೆ: ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಅಸಹಜ ವರ್ತನೆಗೆ ಕಾರಣ ಏನು ಅಂದರೆ ಪಠ್ಯದಲ್ಲಿ ಜೈವಿಕ, ಮನೋವಿಶ್ಲೇಷಣೆ, ವರ್ತನಾವಾದ, ಕಾಗ್ನಿಟಿವ್ (ಯೋಚನೆಯ ರೀತಿಯನ್ನು ನೋಡುವುದು), ಸಾಮಾಜಿಕ ಅಂತ ಸಾಲು ಸಾಲು ಮಾದರಿಗಳಿವೆ. ನಿಜಕ್ಕೂ ಯಾವುದು ಸರಿ?

ಉತ್ತರ: 'ಎಲ್ಲವೂ ಸರಿ' ಅಂತ ಬರೆದರೆ ಅಂಕ ಸಿಗುತ್ತದೆ, ಆದರೆ ಅದು ಜಾರಿಕೊಳ್ಳುವ ಉತ್ತರ. ಈ ಮಾದರಿಗಳವರೆಲ್ಲ ಕೇಳುತ್ತಿರುವ ಪ್ರಶ್ನೆಯೇ ಬೇರೆ ಬೇರೆ. ಈ ರೋಗಿಗೇ ಯಾಕೆ ಬಂತು, ಈಗಲೇ ಯಾಕೆ ಬಂತು, ಬಂದದ್ದು ಯಾಕೆ ಹೋಗುತ್ತಿಲ್ಲ?

ಒಬ್ಬರಿಗೆ ಲಿಫ್ಟ್ ಅಂದರೆ ಭಯ ಅಂದುಕೊಳ್ಳಿ. ಬಾಗಿಲು ಮುಚ್ಚುವಷ್ಟರಲ್ಲಿ ಎದೆ ಡವಡವ, ಅಂಗೈ ಒದ್ದೆ, ತಟ್ಟನೆ ಹೊರಗೆ ಬಂದು ಮೆಟ್ಟಿಲು ಹಿಡಿಯುತ್ತಾರೆ. ವರ್ತನಾವಾದಿಯ ಕಣ್ಣು ಆ ಮೆಟ್ಟಿಲ ಮೇಲೆ. ಹೊರಬಂದಾಗ ಸಿಗುವ ನಿರಾಳವೇ ಬಹುಮಾನ, ಹಾಗಾಗಿ ನಾಳೆಯೂ ಮೆಟ್ಟಿಲೇ, ಲಿಫ್ಟ್‌ನಲ್ಲಿ ಏನೂ ಆಗುವುದಿಲ್ಲ ಅಂತ ತಿಳಿಯುವ ಅವಕಾಶವೇ ಬರುವುದಿಲ್ಲ. ಭಯ ಯಾಕೆ ಹೋಗುತ್ತಿಲ್ಲ ಅನ್ನೋದಕ್ಕೆ ನನ್ನ ಮಟ್ಟಿಗೆ ಇದೇ ಗಟ್ಟಿ ಉತ್ತರ. ಕಾಗ್ನಿಟಿವ್‌ನವರು ಹೇಳುವುದು, ಹೆದರಿದವರು ಎದೆಬಡಿತವನ್ನೇ ಹಾರ್ಟ್ ಅಟ್ಯಾಕ್ ಅಂದುಕೊಂಡರು, ಹಾಗೆ ಅಂದುಕೊಂಡಿದ್ದಕ್ಕೇ ಬಡಿತ ಇನ್ನೂ ಜಾಸ್ತಿ ಆಯಿತು ಅಂತ. ಬೇಗ ಕೆರಳುವ ನರವ್ಯೂಹ ಹುಟ್ಟಿನಿಂದಲೇ ಬಂದಿರಬಹುದು ಅನ್ನುವುದು ಜೈವಿಕ ಮಾತು.

ಮನೋವಿಶ್ಲೇಷಣೆ ಕಟ್ಟಿದ ಫ್ರಾಯ್ಡ್ ಪ್ರಕಾರ ಲಿಫ್ಟ್ ಬರೀ ನೆಪ, ಒಳಗೆ ಅದುಮಿಟ್ಟದ್ದು ಬೇರೇನೋ ಇದೆ. ನನ್ನ ತಕರಾರು ಇಲ್ಲೇ. ರೋಗಿ ಒಪ್ಪಿದರೆ ಸಿದ್ಧಾಂತ ಸರಿ, ಒಪ್ಪದಿದ್ದರೆ ಅದು 'ಪ್ರತಿರೋಧ', ಹಾಗಿದ್ದ ಮೇಲೆ ಸಿದ್ಧಾಂತ ತಪ್ಪಾಗುವುದು ಯಾವಾಗ? ಆದರೂ ಅದನ್ನು ಪರೀಕ್ಷೆಗೆ ಒಡ್ಡಿದವರು ಒಳಗಿನವರೇ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಮೊದಲು ಮನೋವಿಶ್ಲೇಷಕರು. ಖಿನ್ನತೆ ಅಂದರೆ ಒಳಮುಖವಾಗಿ ತಿರುಗಿದ ಸಿಟ್ಟು ಅನ್ನೋದಕ್ಕೆ ಪುರಾವೆ ಹುಡುಕುತ್ತಾ ರೋಗಿಗಳ ಕನಸುಗಳನ್ನು ನೋಡಿದರು. ಸಿಕ್ಕಿದ್ದು ಸಿಟ್ಟಲ್ಲ, ಸೋಲು, ಕಳೆದುಕೊಂಡ ನೋವು. 1960ರ ದಶಕದಲ್ಲಿ ಅವರು ಕಾಗ್ನಿಟಿವ್ ಥೆರಪಿ ಕಟ್ಟಿದ್ದು ಆ ದಾರಿಯಲ್ಲೇ.

ಎಲ್ಲ ಕಾಯಿಲೆಗೂ ಒಂದೇ ತಕ್ಕಡಿ ಹಿಡಿಯಬೇಡಿ. ಒಂದು ಕಾಲದಲ್ಲಿ ಮಾನಸಿಕ ಆಸ್ಪತ್ರೆಗಳಲ್ಲಿ ತುಂಬಿದ್ದ 'ಜನರಲ್ ಪರೇಸಿಸ್' ಎಂಬ ಹುಚ್ಚಿಗೆ ಕಾರಣ ಸಿಫಿಲಿಸ್ ಎಂಬ ಲೈಂಗಿಕ ಸೋಂಕು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ಸಂಶೋಧಕರು ರೋಗಿಗಳ ಮೆದುಳಿನಲ್ಲೇ ಆ ರೋಗಾಣು ತೋರಿಸಿದರು. ಅಲ್ಲಿ ಜೈವಿಕ ಮಾದರಿಯದೇ ಗೆಲುವು. ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಸ್ಕಿಜೋಫ್ರೇನಿಯಾದಲ್ಲಿ ಅಷ್ಟು ಸಲೀಸಲ್ಲ. ವಂಶವಾಹಿ ಒಂದೇ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧದಷ್ಟು. ವಂಶವಾಹಿಯೇ ಎಲ್ಲ ಆಗಿದ್ದರೆ ನೂರಕ್ಕೆ ನೂರು ಆಗಬೇಕಿತ್ತು, ಅಲ್ವಾ? ಒಳಗಿನ ದೌರ್ಬಲ್ಯದ ಜೊತೆ ಹೊರಗಿನ ಒತ್ತಡವೂ ಸೇರಬೇಕು ಅನ್ನುವ ಮಾದರಿ ಇಂಥ ಕಡೆಯೇ ಕೆಲಸಕ್ಕೆ ಬರುವುದು. ಅಂದಹಾಗೆ, ಸಾಮಾಜಿಕ ಮಾದರಿಯನ್ನು ಕೊನೆಯಲ್ಲಿ ಎರಡು ಸಾಲು ಗೀಚಿ ಬಿಡಬೇಡಿ. ಬಡತನ, ಹಿಂಸೆ, ಒಂಟಿತನ ಎಲ್ಲ ಆ ಒತ್ತಡದ ಲೆಕ್ಕದಲ್ಲೇ ಬರುತ್ತವೆ.

ಪ್ರಶ್ನೆ: ಮಾತ್ರೆಯಿಂದ ನನ್ನ ಖಿನ್ನತೆ ಕಡಿಮೆ ಆಯಿತು. ಹಾಗಾದರೆ ಕಾರಣ ಮೆದುಳಿನ ರಾಸಾಯನಿಕವೇ ತಾನೇ?

ಉತ್ತರ: ಕಡಿಮೆ ಆಗಿದ್ದು ಸಂತೋಷ. ವೈದ್ಯರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ. ಆದರೆ ಗುಣವಾದ ದಾರಿ ನೋಡಿ ಕಾರಣ ಹೇಳಲಾಗದು. ಆಸ್ಪಿರಿನ್‌ಗೆ ತಲೆನೋವು ಹೋಯಿತು ಅಂದರೆ ಆಸ್ಪಿರಿನ್ ಕೊರತೆಯಿಂದ ಬಂದದ್ದು ಅಂತೇನಲ್ಲ. ಇದು ಥೆರಪಿಯವರಿಗೂ ಅನ್ವಯಿಸುತ್ತದೆ. ಎತ್ತರಕ್ಕೆ ಸ್ವಲ್ಪ ಸ್ವಲ್ಪವೇ ಒಗ್ಗಿಸಿ ಭಯ ಬಿಡಿಸಬಹುದು. ಅಷ್ಟಕ್ಕೇ ಆ ಭಯ ಯಾವುದೋ ಕೆಟ್ಟ ಅನುಭವದಿಂದ ಕಲಿತದ್ದು ಅನ್ನಲಾಗದು, ಎತ್ತರಕ್ಕೆ ಹೆದರುವ ಎಷ್ಟೋ ಜನಕ್ಕೆ ಅಂಥ ಘಟನೆ ಯಾವುದೂ ನೆನಪಿಲ್ಲ.