ಬ್ರಿಟನ್‌ಗೆ ಕಲಬುರಗಿಯಿಂದ ಓದಲು ಹೋದಾಗ ನಮ್ಮ ಕುಣಿತ, ಬೀದಿ ನಾಟಕ ಅಲ್ಲಿ ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಕಲಬುರಗಿಯಿಂದ ಹೋಗುತ್ತಿದ್ದೀರಿ ಅಂದಮೇಲೆ ಮೊದಲು ಅಲಾಯಿ ಹೆಜ್ಜೆಯನ್ನೇ ತೋರಿಸಿ ಅಂತೀನಿ. ಮೊಹರಂ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಬೆಂಕಿ ಹಾಕಿದ ಅಲಾಯಿ ಕುಣಿಯ (ಗುಂಡಿಯ) ಸುತ್ತ ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಹಲಗೆ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಸುತ್ತಾಗಿ ಕುಣಿಯುವುದರಿಂದ ನೋಡಲು ನಿಂತವರನ್ನೂ ಕೈಹಿಡಿದು ಒಳಗೆ ಸೇರಿಸಿಕೊಳ್ಳಬಹುದು. ಆದರೆ ಇದರ ಹಿಂದೆ ಕ್ರಿ.ಶ. 680ರ ಕರ್ಬಲಾ ಕಾಳಗದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಹತರಾದ ಶೋಕವಿದೆ. ಆ ಕತೆಯನ್ನು ಮೊದಲು ಹೇಳಿ. ಬರೀ ಮೋಜಿನ ಕುಣಿತ ಮಾಡಿಬಿಡಬೇಡಿ, ದಯವಿಟ್ಟು.

ನಿಮ್ಮದಷ್ಟೇ ತೋರಿಸಿ ಬಂದರೆ ವಿನಿಮಯ ಆಗಲಿಲ್ಲ. ಇಂಗ್ಲೆಂಡಿನ ಮಾರಿಸ್ ಕುಣಿತದವರು ಮೊಣಕಾಲ ಕೆಳಗೆ ಗೆಜ್ಜೆ ಕಟ್ಟುತ್ತಾರೆ, ಕೆಲವು ಕುಣಿತಗಳಲ್ಲಿ ಕೋಲಿಗೆ ಕೋಲು ತಾಗಿಸುತ್ತಾರೆ. ನಮ್ಮ ಕೋಲಾಟ ಬಲ್ಲವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಕಲಿಯಿರಿ.

ಬೀದಿ ನಾಟಕಕ್ಕೆ ವೇದಿಕೆ, ಪರದೆ ಬೇಡ. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ಎಂಬ ರಂಗತಂಡ ಅದನ್ನು ಊರೂರಿಗೆ ಒಯ್ದಿತು. ಬ್ರಿಟನ್ನಿನಲ್ಲಿ ಆಡುವಾಗ ಮಾತು ಕಡಿಮೆ ಇರಲಿ, ಹಾಡು ಮಾತ್ರ ಕನ್ನಡದಲ್ಲೇ ಇರಲಿ.

ಒಂದು ಎಚ್ಚರಿಕೆ: ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೂ ಮನರಂಜನಾ ಕಲಾವಿದರಾಗಿ ದುಡಿಯುವುದಕ್ಕೂ ಅನುಮತಿಯಿಲ್ಲ. ಹಾಗಾಗಿ ಬೀದಿಯಲ್ಲಿ ಟೊಪ್ಪಿಗೆ ಇಟ್ಟು ದುಡ್ಡು ಎತ್ತಬೇಡಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಮೂಲಕ ಅನುಮತಿ ಪಡೆದು, ಕ್ಯಾಂಪಸ್ಸಿನ ಅಂಗಳದಲ್ಲೇ ಶುರುಮಾಡಿ.